ನಿಝಾರ್ ಕಬ್ಬಾನಿ ಬರೀ ಪ್ರೇಮಕವಿನಾ? ಗೊತ್ತಿರುವವರು ಹೇಳಿ

ಕುಂದಾಪುರದ ಅಲೆ

ಎಲ್ಲರಿಗೂ ನಮಸ್ಕಾರ. ನಾನು ಶಾರ್ಜಾದಲ್ಲಿ ಅಕೌಂಟ್ಸ್ ಕೆಲಸದಲ್ಲಿದ್ದೇನೆ. ಪಕ್ಕದ ಟೇಬಲ್ಲಿನಲ್ಲಿ ಸಿರಿಯಾದ ಡಮಾಸ್ಕಸ್‌ನವರು ಒಬ್ಬರಿದ್ದಾರೆ, ಐವತ್ತೈದು ದಾಟಿದವರು, ಮಾತು ಕಡಿಮೆ. ಕಳೆದ ವಾರ ಊಟದ ಹೊತ್ತಿನಲ್ಲಿ ಅವರ ಫೋನಿನಲ್ಲಿ ಯಾರೋ ಪದ್ಯ ಓದುತ್ತಿದ್ದರು. ಇವರು ಕಣ್ಣು ಮುಚ್ಚಿಕೊಂಡು ಒಂದೊಂದು ಸಾಲನ್ನೂ ಜೊತೆಗೇ ಹೇಳುತ್ತಿದ್ದರು, ಒಂದು ಪದ ತಪ್ಪದ ಹಾಗೆ. ಮುಗಿದ ಮೇಲೆ ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಯಾರ ಪದ್ಯ ಅಂತ ಕೇಳಿದೆ. "ನಿಝಾರ್ ಕಬ್ಬಾನಿ. ಅಮ್ಮನಿಗೆ ಬರೆದದ್ದು" ಅಂದರು. ಅಷ್ಟೇ.

ಸಂಜೆ ನಮ್ಮಲ್ಲೇ ಇರುವ ಈಜಿಪ್ಟಿನ ಹುಡುಗನನ್ನು ಕೇಳಿದರೆ ಅವನು ಕೈ ಬೀಸಿಬಿಟ್ಟ. "ಅವನಾ, ಹುಡುಗಿಯರ ಕವಿ, ಬರೀ ಪ್ರೀತಿ ಪ್ರೇಮ" ಅಂತ. ಒಬ್ಬರು ಅಳುತ್ತಾರೆ, ಇನ್ನೊಬ್ಬ ತಳ್ಳಿಹಾಕುತ್ತಾನೆ. ಯಾರು ಸರಿ? ಇಲ್ಲಿ ಅರಬ್ಬಿ ಓದಿದವರು ಇದ್ದೀರಿ ಅಂತ ಗೊತ್ತು. ಸ್ವಲ್ಪ ವಿವರವಾಗಿ ಹೇಳಿ. ಆ ಅಮ್ಮನ ಪದ್ಯ ಕನ್ನಡದಲ್ಲಿ ಓದಬೇಕು ಅಂತ ತುಂಬಾ ಆಸೆಯಾಗಿದೆ.

ಬಿಸಿಲೂರು

ಖಬ್ಬಾನಿ ಅಂತ ಅಲ್ವಾ ಬರೆಯಬೇಕಾದ್ದು?

ಭಟ್ಕಳದ ಮುಸಾಫಿರ್

ಇಲ್ಲ, ಅದು ಗಂಟಲಿನ ಆಳದಿಂದ ಬರುವ 'ಕ'. ಕನ್ನಡದಲ್ಲಿ ಅದಕ್ಕೆ ಅಕ್ಷರ ಇಲ್ಲ, ಕಬ್ಬಾನಿ ಅಂದರೇ ಹತ್ತಿರ. ಕಬ್ಬಾನ್ ಅಂದರೆ ಮೂಟೆ ತೂಗುವ ದೊಡ್ಡ ತಕ್ಕಡಿ. ಕಬ್ಬಾನಿ ಅಂದರೆ ತೂಗುವವನು.

ಅಲೆ ಅವರೇ, ಮೊದಲು ಬದುಕಿನ ಕಥೆ ಹೇಳಿಬಿಡುತ್ತೇನೆ, ಆಮೇಲೆ ಜಗಳ ಆಡೋಣ. ಹುಟ್ಟಿದ್ದು 1923ರ ಮಾರ್ಚ್ 21, ಹಳೇ ಡಮಾಸ್ಕಸ್‌ನ ಒಂದು ಕೇರಿಯಲ್ಲಿ. ನಡುವೆ ಅಂಗಳ, ನೀರಿನ ಕಾರಂಜಿ, ದ್ರಾಕ್ಷಿ ಚಪ್ಪರ, ಗೋಡೆ ತುಂಬ ಮಲ್ಲಿಗೆ, ಅಂಥ ಮನೆ. ಅಪ್ಪನಿಗೆ ಮಿಠಾಯಿ ಕಾರ್ಖಾನೆ ಇತ್ತು. ಆಗ ಸಿರಿಯಾವನ್ನು ಆಳುತ್ತಿದ್ದ ಫ್ರೆಂಚರ ವಿರುದ್ಧ ಹೋರಾಡುವವರಿಗೆ ಅಪ್ಪ ಬೆನ್ನಿಗೆ ನಿಂತಿದ್ದರು, ಜೈಲಿಗೂ ಹೋಗಿದ್ದರು. ಸಿರಿಯಾದಲ್ಲಿ ಆಧುನಿಕ ನಾಟಕ ಶುರು ಮಾಡಿದ ಅಬೂ ಖಲೀಲ್ ಕಬ್ಬಾನಿ ಇದೇ ಮನೆತನದವರು. ಸಂಪ್ರದಾಯಸ್ಥರ ಕಾಟಕ್ಕೆ ಅವರು ಡಮಾಸ್ಕಸ್ ಬಿಟ್ಟು ಈಜಿಪ್ಟಿಗೆ ಹೋಗಬೇಕಾಯಿತು. ಮೈಮೇಲೆ ಜಗಳ ಎಳೆದುಕೊಳ್ಳುವುದು ಮನೆತನದಲ್ಲೇ ಇತ್ತು ಅನ್ನಿ.

ಮೊದಲ ಸಂಕಲನ 1944ರಲ್ಲಿ ಬಂತು. ಆಗ ಇನ್ನೂ ಕಾನೂನು ಓದುತ್ತಿದ್ದ ಹುಡುಗ, ಸ್ವಂತ ದುಡ್ಡಲ್ಲಿ ಮುನ್ನೂರು ಪ್ರತಿ ಅಚ್ಚು ಹಾಕಿಸಿದ್ದ. ಹೆಣ್ಣಿನ ಮೈ ಬಗ್ಗೆ ಅಷ್ಟು ಬಿಚ್ಚಿ ಬರೆದದ್ದಕ್ಕೆ ಊರೆಲ್ಲ ಗಲಾಟೆ. 1945ರಲ್ಲಿ ಪದವಿ, ಆಮೇಲೆ ಸಿರಿಯಾದ ವಿದೇಶಾಂಗ ಇಲಾಖೆ. ಕೈರೋ, ಅಂಕಾರಾ, ಲಂಡನ್, ಮ್ಯಾಡ್ರಿಡ್, ಚೀನಾ ಸುತ್ತಿದರು. 1966ರಲ್ಲಿ ರಾಜೀನಾಮೆ ಕೊಟ್ಟು ಬೈರೂತಿಗೆ ಬಂದು ತಮ್ಮದೇ ಪ್ರಕಾಶನ ಶುರು ಮಾಡಿದರು. ತೀರಿಕೊಂಡದ್ದು ಲಂಡನ್ನಿನಲ್ಲಿ, 1998ರ ಏಪ್ರಿಲ್ 30. ಮಣ್ಣು ಮಾಡಿದ್ದು ಡಮಾಸ್ಕಸ್‌ನಲ್ಲಿ.

ಉಳಿದದ್ದು ಆಮೇಲೆ, ನಮಾಜಿಗೆ ಹೊತ್ತಾಯಿತು.

ಹಳೇ ರೇಡಿಯೋ

ಪುಸ್ತಕ ಪಕ್ಕಕ್ಕಿಡಿ. ನಿಝಾರ್ ಮನೆಮನೆಗೆ ಹೋದದ್ದು ಹಾಡಿನಿಂದ.

ನಾನು ಕುವೈತ್‌ಗೆ ಹೋದದ್ದು 1978ರಲ್ಲಿ, ಇಪ್ಪತ್ತೆರಡು ವರ್ಷದ ಹುಡುಗ. ಅರಬ್ಬಿ ಒಂದಕ್ಷರ ಬರುತ್ತಿರಲಿಲ್ಲ. ಟ್ಯಾಕ್ಸಿಯಲ್ಲಿ, ಅಂಗಡಿಯಲ್ಲಿ, ಕ್ಷೌರದವನ ಹತ್ತಿರ, ಎಲ್ಲಿ ಹೋದರೂ ಒಂದೇ ದನಿ. ಅಬ್ದೆಲ್ ಹಲೀಮ್ ಹಾಫೆಝ್. ಹಾಡು 'ಕಾರಿಅತ್ ಅಲ್ ಫಿಂಜಾನ್', ಅಂದರೆ ಬಟ್ಟಲು ನೋಡಿ ಭವಿಷ್ಯ ಹೇಳುವವಳು. ಸಾಹಿತ್ಯ ನಿಝಾರ್, ಸಂಗೀತ ಮುಹಮ್ಮದ್ ಅಲ್ ಮೌಜಿ. 1976ರಲ್ಲಿ ಹಾಡಿದ್ದು, ಮರುವರ್ಷ ಮಾರ್ಚಿನಲ್ಲಿ ಹಲೀಮ್ ಹೋಗಿಬಿಟ್ಟರು, ಐವತ್ತೂ ಆಗಿರಲಿಲ್ಲ. ಹಾಗಾಗಿ ನಾನು ಹೋದ ಕಾಲಕ್ಕೆ ಆ ಹಾಡು ಕೇಳಿದರೆ ಸಾಕು, ದೊಡ್ಡ ದೊಡ್ಡ ಗಂಡಸರು ಸುಮ್ಮನಾಗಿಬಿಡುತ್ತಿದ್ದರು.

ಕಥೆ ಇಷ್ಟೇ. ಅವಳು ಕೂತಿದ್ದಾಳೆ, ಕಣ್ಣಲ್ಲಿ ಭಯ. ಮಗುಚಿಟ್ಟ ಬಟ್ಟಲು ನೋಡುತ್ತಾಳೆ. ದುಃಖ ಪಡಬೇಡ ಮಗನೇ, ಪ್ರೀತಿಯೇ ನಿನ್ನ ಹಣೆಬರಹ ಅನ್ನುತ್ತಾಳೆ. ತುಂಬಾ ಬಟ್ಟಲು ನೋಡಿದ್ದೇನೆ, ನಿನ್ನಂಥದ್ದು ನೋಡಿಲ್ಲ ಅನ್ನುತ್ತಾಳೆ. ನನ್ನ ರೂಮ್‌ಮೇಟ್ ಪ್ಯಾಲೆಸ್ತೀನಿನವನು, ಅವನು ಒಂದೊಂದೇ ಪದ ಬಿಡಿಸಿ ಹೇಳಿಕೊಟ್ಟ. ನನಗೆ ಅರಬ್ಬಿ ಕಲಿಸಿದ ಮೊದಲ ಪಾಠ ಆ ಹಾಡೇ.

ಉಮ್ ಕುಲ್ಸೂಮ್ ಹಾಡಿದ್ದಾರೆ, ನಜಾತ್ ಹಾಡಿದ್ದಾರೆ, ಫೈರೂಝ್ ಹಾಡಿದ್ದಾರೆ. ಹೊಸಬರಲ್ಲಿ ಮಾಜಿದಾ ಅಲ್ ರೂಮಿ, ಇರಾಕಿನ ಕಾಝಿಮ್ ಅಲ್ ಸಾಹಿರ್. ಅರಬ್ಬಿಯಲ್ಲಿ ಇಷ್ಟು ದೊಡ್ಡ ದೊಡ್ಡ ದನಿಗಳಿಗೆಲ್ಲ ಪದ ಕೊಟ್ಟ ಇನ್ನೊಬ್ಬ ಕವಿ ನನಗಂತೂ ಗೊತ್ತಿಲ್ಲ.

ಬಿಸಿಬೇಳೆ

ಬಟ್ಟಲು ನೋಡಿ ಭವಿಷ್ಯ ಹೇಗೆ ಹೇಳುತ್ತಾರೆ? ನಮ್ಮ ಕಾಫಿ ಲೋಟದಲ್ಲಿ ಏನೂ ಉಳಿಯುವುದಿಲ್ಲವಲ್ಲ.

ದೋಹಾ ಅಡುಗೆಮನೆ

ನಮ್ಮದು ಸೋಸಿದ ಕಾಫಿ ಅಲ್ವಾ, ಅದಕ್ಕೆ. ಸಿರಿಯಾ, ಲೆಬನಾನ್, ಈಜಿಪ್ಟಿನ ಕಡೆ ಪುಡಿಯನ್ನು ಹಿಟ್ಟಿನ ಹಾಗೆ ನುಣ್ಣಗೆ ಬೀಸಿ, ಉದ್ದ ಹಿಡಿಯ ಸಣ್ಣ ಪಾತ್ರೆಯಲ್ಲಿ ನೀರಿನ ಜೊತೆಗೇ ಕುದಿಸುತ್ತಾರೆ. ನೊರೆ ಉಕ್ಕಿ ಬರುವಾಗ ಇಳಿಸಬೇಕು. ಸೋಸುವುದಿಲ್ಲ. ಕುಡಿದಾಗ ತಳದಲ್ಲಿ ದಪ್ಪ ಚರಟ ಉಳಿಯುತ್ತದೆ. ಬಟ್ಟಲನ್ನು ಸಾಸರಿನ ಮೇಲೆ ಬೋರಲು ಹಾಕಿ ಸ್ವಲ್ಪ ಹೊತ್ತು ಬಿಟ್ಟರೆ ಚರಟ ಗೋಡೆ ಮೇಲೆ ಇಳಿದು ಒಣಗುತ್ತದೆ. ದಾರಿ, ಬೆಟ್ಟ, ಹಕ್ಕಿ ಅಂತ ಏನೇನೋ ಕಾಣುತ್ತವೆ. ಅದನ್ನೇ ಓದುವುದು.

ಕೊಲ್ಲಿ ದೇಶಗಳ ಕಾಫಿ ಬೇರೆ. ತೆಳ್ಳಗೆ, ಹೊಂಬಣ್ಣ, ಏಲಕ್ಕಿ ಜಾಸ್ತಿ. ಅದರಲ್ಲಿ ಭವಿಷ್ಯ ಕಾಣುವುದಿಲ್ಲ.

ಭಟ್ಕಳದ ಮುಸಾಫಿರ್

ಏಲಕ್ಕಿ ಅಂದದ್ದಕ್ಕೆ ನೆನಪಾಯಿತು. ಡಮಾಸ್ಕಸ್ ಬಗ್ಗೆ ಒಂದು ಹಳೇ ಶೈಲಿಯ ಕಸೀದಾ ಇದೆ, ಉದ್ದಕ್ಕೂ ಒಂದೇ ಪ್ರಾಸ. ರಾಹು, ಝಬ್ಬಾಹು, ತುಫ್ಫಾಹು ಅಂತ ಹೋಗುತ್ತದೆ. ಅದರಲ್ಲಿ ಕಾಫಿ ಬೀಸುವ ಗಿರಣಿ ನಮ್ಮ ಬಾಲ್ಯದ ಒಂದು ಭಾಗ, ಹೇಗೆ ಮರೆಯಲಿ, ಏಲಕ್ಕಿಯ ಘಮ ಹರಡುತ್ತಿದೆ ಅಂತ ಬರುತ್ತದೆ. ನಾನು ಡಮಾಸ್ಕಸ್‌ನವನು, ನನ್ನ ಮೈ ಸೀಳಿದರೆ ದ್ರಾಕ್ಷಿಗೊಂಚಲು, ಸೇಬು ಸುರಿಯುತ್ತವೆ ಅಂತಲೂ ಇದೆ. ತುಫ್ಫಾಹ್ ಅಂದರೆ ಸೇಬು.

ಸಿಂಪಲ್ ಹುಡುಗ

ಕಾಝಿಮ್ ಹಾಡಿದ 'ಅನಾ ವ ಲೈಲಾ' ಕೇಳಿ ಎಲ್ಲರೂ. ನಿಝಾರ್ ಬರೆದದ್ದರಲ್ಲಿ ನಂಬರ್ ಒನ್.

ಹಳೇ ರೇಡಿಯೋ

ತಮ್ಮಾ, ಅದು ನಿಝಾರ್ ಅಲ್ಲ. ಇರಾಕಿನ ಹಸನ್ ಅಲ್ ಮರ್ವಾನಿ ಅನ್ನುವವರದ್ದು. ಕಾಝಿಮ್ ನಿಝಾರ್ ಪದ್ಯಗಳನ್ನು ಎಷ್ಟು ಹಾಡಿದ್ದಾರೆ ಅಂದರೆ ಜನ ಎಲ್ಲವನ್ನೂ ನಿಝಾರ್ ಖಾತೆಗೇ ಹಾಕುತ್ತಾರೆ. 'ಝಿದೀನಿ ಇಶ್ಕನ್', 'ಮದ್ರಸತುಲ್ ಹುಬ್' ಇವು ನಿಝಾರ್ ಅವರವು.

ಸಿಂಪಲ್ ಹುಡುಗ

ಓ, ಗೊತ್ತಿರಲಿಲ್ಲ. ಥ್ಯಾಂಕ್ಸ್ ಅಣ್ಣಾ.

ಒಗ್ಗರಣೆ ಸೌಟು

ಎಲ್ಲರೂ ಹೊಗಳುತ್ತಿದ್ದೀರಿ, ನಾನು ಸ್ವಲ್ಪ ಬೇರೆ ಹೇಳುತ್ತೇನೆ. ಇಂಗ್ಲಿಷ್ ಅನುವಾದದಲ್ಲಿ ಎರಡು ಸಂಕಲನ ಓದಿದ್ದೇನೆ. ಹೆಣ್ಣಿನ ಕೂದಲು, ಹೆಣ್ಣಿನ ತುಟಿ, ಹೆಣ್ಣಿನ ಎದೆ. ಓದಿ ಓದಿ ಸಾಕಾಯಿತು. ಒಂದು ಕಡೆ ಹೆಂಗಸರ ಚರ್ಮದಿಂದ ನಿಲುವಂಗಿ ಹೊಲಿಸಿಕೊಂಡೆ ಅನ್ನುತ್ತಾನೆ. ಇವನನ್ನು 'ಹೆಣ್ಣಿನ ಕವಿ' ಅಂತ ಕರೆಯುವುದು ಹೇಗೆ? ಹೆಣ್ಣನ್ನು ನೋಡುವ ಗಂಡಸಿನ ಕವಿ ಅನ್ನಿ, ಒಪ್ಪುತ್ತೇನೆ. ಈಜಿಪ್ಟಿನ ಹುಡುಗ ಹೇಳಿದ್ದರಲ್ಲಿ ಅರ್ಧ ಸತ್ಯ ಇದೆ.

ಭಟ್ಕಳದ ಮುಸಾಫಿರ್

ಅಕ್ಕಾ, ಆ ನಿಲುವಂಗಿ ಸಾಲಿನ ಪದ್ಯ ಪೂರ್ತಿ ಓದಿ. ಅದು ಜಂಬ ಅಲ್ಲ. ಎಲ್ಲ ಅನುಭವಿಸಿ ಸುಸ್ತಾದ ಗಂಡಸು ಕೊನೆಗೆ ನನಗೆ ಏನೂ ದಕ್ಕಲಿಲ್ಲ ಅನ್ನುವ ಪದ್ಯ.

ಇನ್ನೊಂದು ವಿಷಯ. ಅವರಿಗೆ ಹದಿನೈದು ವರ್ಷ ಇದ್ದಾಗ ಅಕ್ಕ ಆತ್ಮಹತ್ಯೆ ಮಾಡಿಕೊಂಡರು. ಇಷ್ಟವಿಲ್ಲದ ಮದುವೆ ಒಲ್ಲೆ ಅಂತ. ಆ ಹೆಣದ ಹಿಂದೆ ನಡೆದುಹೋದ ಹುಡುಗ ಇವರು. ನನ್ನ ಪ್ರೇಮಪದ್ಯಕ್ಕೂ ಅವಳ ಸಾವಿಗೂ ನಂಟಿದೆ ಅನ್ನುವ ಅರ್ಥದಲ್ಲಿ ಮುಂದೆ ಅವರೇ ಬರೆದಿದ್ದಾರೆ. ಅರಬ್ ಸಮಾಜದಲ್ಲಿ ಪ್ರೀತಿ ಕೈದಿ, ಅದನ್ನು ಬಿಡಿಸಬೇಕು ಅನ್ನುವುದೇ ಅವರ ಜೀವಮಾನದ ವಾದ.

ತುಂಗಾತೀರ

'ಹುಬ್ಲಾ' ಅಂತ ಒಂದು ಪದ್ಯ ಇದೆ, ಗರ್ಭಿಣಿ ಅಂತ ಅರ್ಥ. ಮಾತಾಡುವವಳು ಹೆಣ್ಣು. ಬಸುರಿಯಾಗಿದ್ದೇನೆ ಅನ್ನಿಸುತ್ತಿದೆ ಅಂತ ಪ್ರಿಯಕರನಿಗೆ ಹೇಳುತ್ತಾಳೆ. ಅವನ ಮುಖ ಬಿಳಿಚಿಕೊಳ್ಳುತ್ತದೆ. ತೆಗೆಸಿಕೋ ಅಂತ ಐವತ್ತು ಲೀರಾ ಮುಂದಿಡುತ್ತಾನೆ. ನಿನ್ನ ಐವತ್ತು ಲೀರಾ ನೋಡಿ ನಗು ಬರುತ್ತಿದೆ ಅನ್ನುತ್ತಾಳೆ ಅವಳು. ನಾನು ಇದನ್ನು ಕಾಲೇಜಿನಲ್ಲಿ ಪಾಠದ ಹೊರಗೆ ಒಮ್ಮೆ ಓದಿದೆ. ಹುಡುಗಿಯರು ಪೆನ್ನು ಕೆಳಗಿಟ್ಟು ಕೂತುಬಿಟ್ಟರು.

ಒಗ್ಗರಣೆ ಸೌಟು

ಮೇಡಂ, ಆ ಪದ್ಯ ಚೆನ್ನಾಗಿದೆ, ಒಪ್ಪಿದೆ. ಆದರೂ ಅಲ್ಲಿ ಹೆಣ್ಣಿನ ಬಾಯಲ್ಲಿ ಮಾತಾಡುತ್ತಿರುವವನು ಗಂಡಸೇ ಅಲ್ವಾ? ಅದೇ ಕಾಲದಲ್ಲಿ ಇರಾಕಿನಲ್ಲಿ ನಾಝಿಕ್ ಅಲ್ ಮಲಾಇಕಾ ಇದ್ದರು, ಪ್ಯಾಲೆಸ್ತೀನಿನಲ್ಲಿ ಫದ್ವಾ ತೂಕಾನ್ ಇದ್ದರು. ಹೆಂಗಸರೇ ಬರೆಯುತ್ತಿದ್ದರು. ಅವರ ಹೆಸರು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತು? ಅಕ್ಕನ ನೋವು ದೊಡ್ಡದು, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ನೋವಿದೆ ಅಂದ ಮಾತ್ರಕ್ಕೆ ಬರೆದದ್ದೆಲ್ಲ ಹೆಣ್ಣಿನ ಪರ ಆಗುವುದಿಲ್ಲ.

ತುಂಗಾತೀರ

ಅದು ಸರಿಯಾದ ಮಾತು. ನಾಝಿಕ್ ಬಗ್ಗೆ ಬೇರೆಯೇ ಒಂದು ಚರ್ಚೆ ಶುರು ಮಾಡಿ, ನಾನೂ ಬರುತ್ತೇನೆ. ಅರಬ್ಬಿಯಲ್ಲಿ ಮುಕ್ತಛಂದಸ್ಸು ಶುರುವಾದದ್ದೇ ಅವರಿಂದ ಮತ್ತು ಬದರ್ ಶಾಕಿರ್ ಅಲ್ ಸಯ್ಯಾಬ್ ಅವರಿಂದ, 1947ರ ಸುಮಾರಿಗೆ.

ಗಡಿಯಾರದ ಅಂಗಡಿ

ಯಾರೂ 1967ರ ಬಗ್ಗೆ ಮಾತೇ ಎತ್ತಲಿಲ್ಲ! ಬರೀ ಪ್ರೇಮಕವಿ ಅನ್ನುವವರಿಗೆ ಅಲ್ಲೇ ಉತ್ತರ ಇದೆ.

ಜೂನ್ ತಿಂಗಳ ಆರೇ ದಿನದಲ್ಲಿ ಇಸ್ರೇಲ್ ಎದುರು ಈಜಿಪ್ಟ್, ಸಿರಿಯಾ, ಜೋರ್ಡಾನ್ ಸೋತವು. ರೇಡಿಯೋದಲ್ಲಿ ಮಾತ್ರ ಗೆಲ್ಲುತ್ತಿದ್ದೇವೆ ಅಂತಲೇ ಬರುತ್ತಿತ್ತು. ಆ ಸೋಲಿನ ಬೆನ್ನಿಗೇ ನಿಝಾರ್ ಒಂದು ಉದ್ದ ಪದ್ಯ ಬರೆದರು, 'ಸೋಲಿನ ಪುಸ್ತಕದ ಅಂಚಿನಲ್ಲಿ ಬರೆದ ಟಿಪ್ಪಣಿ' ಅಂತ ಇಟ್ಟುಕೊಳ್ಳಿ. ನನ್ನ ದುಃಖದ ನಾಡೇ, ಒಂದೇ ಗಳಿಗೆಯಲ್ಲಿ ನೀನು ನನ್ನನ್ನು ಪ್ರೀತಿ ಬರೆಯುವ ಕವಿಯಿಂದ ಚಾಕುವಿನಲ್ಲಿ ಬರೆಯುವ ಕವಿ ಮಾಡಿಬಿಟ್ಟೆ ಅಂದರು. ಸುಲ್ತಾನನಿಗೆ ನೇರವಾಗಿ ಹೇಳುತ್ತಾರೆ, ನೀನು ಎರಡು ಸಲ ಯುದ್ಧ ಸೋತೆ, ಯಾಕೆಂದರೆ ನಮ್ಮ ಅರ್ಧ ಜನಕ್ಕೆ ನಾಲಿಗೆಯೇ ಇಲ್ಲ ಅಂತ. ನಾಗರಿಕತೆಯ ಸಿಪ್ಪೆ ಉಟ್ಟುಕೊಂಡೆವು, ಆತ್ಮ ಹಳೇ ಕತ್ತಲಲ್ಲೇ ಇದೆ ಅಂತ.

ಈಜಿಪ್ಟಿನಲ್ಲಿ ಪದ್ಯಕ್ಕೆ ನಿಷೇಧ. ಅವರ ಹಾಡುಗಳನ್ನು ರೇಡಿಯೋದಲ್ಲಿ ಹಾಕಬಾರದು, ದೇಶದೊಳಗೆ ಬಿಡಬಾರದು ಅಂತ ಕೂಗೆದ್ದಿತು. ನಿಝಾರ್ ನೇರ ಅಧ್ಯಕ್ಷ ನಾಸರ್‌ಗೇ ಪತ್ರ ಬರೆದರು. ನಾಸರ್ ಪದ್ಯ ಓದಿ ನಿಷೇಧ ತೆಗೆಸಿದರು. 1970ರಲ್ಲಿ ನಾಸರ್ ಸತ್ತಾಗ ಇದೇ ನಿಝಾರ್ 'ನಿನ್ನನ್ನು ನಾವೇ ಕೊಂದೆವು' ಅಂತ ಶೋಕಗೀತೆ ಬರೆದರು.

ಇವರು ಹುಡುಗಿಯರ ಕವಿನಾ?

ಬಿಸಿಲೂರು

ಅಷ್ಟು ಧೈರ್ಯ ಇದ್ದವರು ಡಮಾಸ್ಕಸ್‌ನಲ್ಲೇ ಕೂತು ಬರೆಯಬೇಕಿತ್ತು. ಲಂಡನ್ನಿನಲ್ಲಿ ಕೂತು ಅರಬ್ ದೊರೆಗಳನ್ನು ಬೈಯುವುದು ಸುಲಭ.

ಗಡಿಯಾರದ ಅಂಗಡಿ

ಈ ಮಾತು ತುಂಬಾ ಅನ್ಯಾಯ. ಆ ಪದ್ಯ ಬರೆದಾಗ ಅವರು ಲಂಡನ್ನಿನಲ್ಲಿ ಇರಲಿಲ್ಲ, ಬೈರೂತಿನಲ್ಲಿದ್ದರು. 50ರ ದಶಕದಲ್ಲಿ 'ರೊಟ್ಟಿ, ಹಶೀಶ್ ಮತ್ತು ಚಂದ್ರ' ಬರೆದಾಗಲಂತೂ ಸಿರಿಯಾ ಸರ್ಕಾರದ ಸಂಬಳ ತಿನ್ನುತ್ತಿದ್ದ ನೌಕರ. ಚಂದ್ರ ಹುಟ್ಟಿದ ಕೂಡಲೇ ಕೆಲಸ ಬಿಟ್ಟು ಮಾಳಿಗೆ ಹತ್ತಿ ಕನಸು ಕಾಣುವ ಜನ ನಾವು ಅಂತ ಸ್ವಂತ ಜನರನ್ನೇ ಚುಚ್ಚಿದ ಪದ್ಯ. ಸಂಸತ್ತಿನಲ್ಲಿ ಅದರ ಮೇಲೆ ಚರ್ಚೆ ಆಯಿತು, ಕೆಲಸದಿಂದ ಕಿತ್ತುಹಾಕಿ ಅಂದರು. ಆಗ ಯಾವ ಲಂಡನ್ನು ಕಾಪಾಡುತ್ತಿತ್ತು? ಲಂಡನ್ನಿಗೆ ಯಾಕೆ ಹೋದರು ಅನ್ನುವುದಕ್ಕೆ ಕಾರಣ ಇದೆ. ಗೊತ್ತಿಲ್ಲದೆ ಮಾತಾಡಬೇಡಿ.

ಮಲೆನಾಡ ಮಳೆ

ಕಾರಣ ಬಲ್ಕೀಸ್.

ಬಾಗ್ದಾದಿನ ಹುಡುಗಿ, ಶಾಲೆಯಲ್ಲಿ ಟೀಚರ್. 1962ರಲ್ಲಿ ಕವಿಗೋಷ್ಠಿಗೆ ಹೋದಾಗ ನಿಝಾರ್ ನೋಡಿದರು. ಮನೆಯವರು ಕೊಡಲಿಲ್ಲ. ಇಂಥ ಪದ್ಯ ಬರೆಯುವವನಿಗೆ ಯಾರು ಹೆಣ್ಣು ಕೊಡುತ್ತಾರೆ? ಏಳು ವರ್ಷ ಕಾದರು. 1969ರಲ್ಲಿ ಮತ್ತೆ ಬಾಗ್ದಾದಿಗೆ ಬಂದು ವೇದಿಕೆ ಮೇಲೆ ಪದ್ಯ ಓದಿದರು. ವಿಷಯ ಇರಾಕಿನ ಅಧ್ಯಕ್ಷರವರೆಗೂ ಹೋಗಿ, ಅಲ್ಲಿಂದಲೇ ಹಿರಿಯರು ಹೆಣ್ಣು ಕೇಳಲು ಹೋದರು. ಮದುವೆ ಆಯಿತು, ಬೈರೂತಿಗೆ ಬಂದರು. ಆಕೆ ಅಲ್ಲಿ ಇರಾಕ್ ರಾಯಭಾರ ಕಚೇರಿಯಲ್ಲಿ ಕೆಲಸಕ್ಕೆ ಸೇರಿದರು. ಝೈನಬ್, ಉಮರ್ ಅಂತ ಇಬ್ಬರು ಮಕ್ಕಳು.

1981ರ ಡಿಸೆಂಬರ್ 15. ಸ್ಫೋಟಕ ತುಂಬಿದ ಕಾರು ಆ ಕಟ್ಟಡಕ್ಕೆ ನುಗ್ಗಿತು. ಕಟ್ಟಡ ಕುಸಿಯಿತು. ಅರವತ್ತಕ್ಕೂ ಹೆಚ್ಚು ಜನ ಸತ್ತರು, ಅದರಲ್ಲಿ ಬಲ್ಕೀಸ್ ಕೂಡ.

ಆಮೇಲೆ ಬರೆದ ಪದ್ಯದ ಹೆಸರು 'ಬಲ್ಕೀಸ್'. ಶುರುವಾಗುವುದೇ ಥ್ಯಾಂಕ್ಸ್ ಹೇಳುವುದರಿಂದ. ನಿಮಗೆಲ್ಲ ಥ್ಯಾಂಕ್ಸ್, ನನ್ನವಳನ್ನು ಕೊಂದಾಯಿತು, ಇನ್ನು ನೀವು ಅವಳ ಗೋರಿ ಮೇಲೆ ಕೂತು ಕುಡಿಯಬಹುದು ಅಂತ. ಇಡೀ ಅರಬ್ ಲೋಕಕ್ಕೆ ಹೇಳಿದ ಮಾತು. ಆಮೇಲೆ ಅವರು ಬೈರೂತಿನಲ್ಲಿ ನಿಲ್ಲಲಿಲ್ಲ. ಯುರೋಪಿನಲ್ಲಿ ಅಲ್ಲಿ ಇಲ್ಲಿ ಇದ್ದು ಕೊನೆಗೆ ಲಂಡನ್.

ಅದಕ್ಕೂ ಮೊದಲೇ, 1973ರಲ್ಲಿ, ಮೊದಲ ಹೆಂಡತಿಯ ಮಗ ತೌಫೀಕ್ ಹೃದಯದ ತೊಂದರೆಯಿಂದ ಹೋಗಿದ್ದ. ಇಪ್ಪತ್ತರ ಆಸುಪಾಸಿನ ಹುಡುಗ.

ಬಿಸಿಲೂರು ಅವರೇ, ಈಗ ಹೇಳಿ, ಸುಲಭ ಅಂತ.

ಬಿಸಿಲೂರು

ಇಷ್ಟು ಗೊತ್ತಿರಲಿಲ್ಲ. ನನ್ನ ಮಾತು ವಾಪಸ್ ತಗೊಂಡೆ.

ತುಂಗಾತೀರ

ಬಲ್ಕೀಸ್ ಪದ್ಯದಲ್ಲಿ ಸಿಟ್ಟಿನ ಸಾಲುಗಳನ್ನೇ ಎಲ್ಲರೂ ಹೇಳುತ್ತಾರೆ. ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ. ನಡುವೆ ಅವರು ಸುಮ್ನೆ ಕೇಳುತ್ತಾರೆ: ಇನ್ನು ಸ್ವಲ್ಪ ಹೊತ್ತಿಗೆ ಬಾಗಿಲು ತಟ್ಟುತ್ತೀಯಾ? ಆ ಚಳಿಗಾಲದ ಕೋಟು ಕಳಚುತ್ತೀಯಾ? ನಗುತ್ತಾ ಬರುತ್ತೀಯಾ? ನೀನು ಬೆಳೆಸಿದ ಹಸಿರು ಗಿಡಗಳು ಗೋಡೆ ಮೇಲೆ ಇನ್ನೂ ಅಳುತ್ತಿವೆ ಅನ್ನುತ್ತಾರೆ. ಡಿಸೆಂಬರ್ ತಿಂಗಳು ಅಲ್ವಾ, ಆಕೆ ಬೆಳಿಗ್ಗೆ ಕೋಟು ಹಾಕಿಕೊಂಡೇ ಹೋಗಿರಬೇಕು. ಕಾಯುವ ಗಂಡನಿಗೆ ಕೋಟು ಕಳಚುವ ಆ ಒಂದು ಗಳಿಗೆ ಸಾಕಿತ್ತು.

ಅಪ್ಪ ಸತ್ತಾಗ ಬರೆದ ಪದ್ಯವೂ ಹೀಗೇ. ನಿಮ್ಮಪ್ಪ ಸತ್ತರಾ ಅಂತ ಯಾರೋ ಕೇಳುತ್ತಾರೆ. ಸುಳ್ಳು, ನನ್ನಪ್ಪ ಸಾಯುವುದಿಲ್ಲ ಅನ್ನುತ್ತಾನೆ ಮಗ. ಆಮೇಲೆ ಒಂದೊಂದೇ ತೋರಿಸುತ್ತಾನೆ. ಅವರ ಪೇಪರ್. ಅವರ ತಂಬಾಕು. ಬೂದಿ ತಟ್ಟೆ. ಕನ್ನಡಕ. ಇನ್ನೂ ಕುಡಿಯದೆ ಹಾಗೇ ಇರುವ ಕಾಫಿ ಬಟ್ಟಲು.

ಸಾವಿರ ವರ್ಷದ ಅರಬ್ಬಿ ಕಾವ್ಯದಲ್ಲಿ ಶೋಕಗೀತೆ ಅಂದರೆ ಕತ್ತಿ, ಕುದುರೆ, ಸತ್ತವನ ದಾನಗುಣ. ಇವರು ಅದರೊಳಗೆ ಕನ್ನಡಕ, ಬೂದಿ ತಟ್ಟೆ, ಕೋಟು ತಂದಿಟ್ಟರು. ಪ್ರೇಮಪದ್ಯದಲ್ಲೂ ಇದೇ. ರಾಜಕೀಯ ಪದ್ಯದಲ್ಲೂ ಇದೇ ಮನೆಮಾತು. ಅದಕ್ಕೇ ಮೂರನ್ನೂ ಬೇರೆ ಬೇರೆ ಮಾಡಿ ಪ್ರೇಮಕವಿನಾ, ಬಂಡಾಯ ಕವಿನಾ ಅಂತ ಕೇಳುವುದು ನನಗೆ ಸರಿ ಕಾಣುವುದಿಲ್ಲ.

ಭಟ್ಕಳದ ಮುಸಾಫಿರ್

ಮೇಡಂ ಸರಿಯಾದ ಜಾಗಕ್ಕೇ ಬಂದಿರಿ. ಅವರೇ ಇದನ್ನು 'ಮೂರನೇ ಭಾಷೆ' ಅಂದರು. ಅರಬ್ಬಿಯಲ್ಲಿ ಬರೆಯುವ ಭಾಷೆ ಬೇರೆ, ಮನೆಯಲ್ಲಿ ಆಡುವ ಭಾಷೆ ಬೇರೆ. ನಡುವೆ ದೊಡ್ಡ ಕಂದಕ. ಗ್ರಂಥದ ಭಾಷೆಯಿಂದ ಬಿಗಿ, ಗಾಂಭೀರ್ಯ ತಗೊಂಡು ಆಡುಮಾತಿನಿಂದ ಕಾವು ತಗೊಂಡರೆ ಮೂರನೆಯದು ಹುಟ್ಟುತ್ತದೆ ಅಂತ. ವ್ಯಾಕರಣ ಎಲ್ಲೂ ತಪ್ಪುವುದಿಲ್ಲ, ಆದರೆ ಅಜ್ಜಿಗೂ ಅರ್ಥ ಆಗುತ್ತದೆ. ಅದಕ್ಕೇ ಮೊರಾಕ್ಕೋದಿಂದ ಮಸ್ಕತ್‌ವರೆಗೆ ಬಾಯಿಪಾಠ.

ಕುಂದಾಪುರದ ಅಲೆ

ಓದುತ್ತಾ ಕೂತಿದ್ದೇನೆ, ಮೂರು ಸಲ ಟೀ ಆರಿಹೋಯಿತು. ಎಲ್ಲರಿಗೂ ಧನ್ಯವಾದ. ದಯವಿಟ್ಟು ಅಮ್ಮನ ಪದ್ಯ ಮರೆಯಬೇಡಿ.

ಭಟ್ಕಳದ ಮುಸಾಫಿರ್

ಹೆಸರು 'ಅಮ್ಮನಿಗೆ ಐದು ಪತ್ರ'. ಪರದೇಶದಲ್ಲಿ ಕೂತು ಬರೆದದ್ದು. ಕೆಲವು ಸಾಲು ಒರಟಾಗಿ ಕೊಡುತ್ತೇನೆ, ಕನ್ನಡದ ಮೇಷ್ಟ್ರುಗಳು ತಿದ್ದಿ.

ಶುಭೋದಯ, ಸಿಹಿಯೇ
ಶುಭೋದಯ, ನನ್ನ ಚೆಲುವ ಸಂತೆಯೇ
ಎರಡು ವರ್ಷವಾಯಿತು ಅಮ್ಮಾ
ಹುಡುಗ ಹಡಗು ಹತ್ತಿ ಹೋಗಿ
ಪೆಟ್ಟಿಗೆಯಲ್ಲಿ ಬಚ್ಚಿಟ್ಟು ತಂದ
ಊರಿನ ಹಸಿರು ಬೆಳಗನ್ನು
ಬಟ್ಟೆಯ ನಡುವೆ ಪುದೀನ ಕಟ್ಟನ್ನು

ಒಗ್ಗರಣೆ ಸೌಟು

ಭಾಯಿ, ಸಂತ ಹೆಂಗಸು ಅನ್ನುವ ಅರ್ಥದಲ್ಲಿ ಬರೆದಿದ್ದೀರಿ, ಆದರೆ 'ಸಂತೆಯೇ' ಅಂದರೆ ಕನ್ನಡದಲ್ಲಿ ಸೋಮವಾರದ ಸಂತೆ ನೆನಪಾಗುತ್ತದೆ. 'ಸಿಹಿಯೇ' ಅಂತಲೂ ಯಾರೂ ಅಮ್ಮನನ್ನು ಕರೆಯುವುದಿಲ್ಲ.

ತುಂಗಾತೀರ

'ಶುಭೋದಯ' ಕೂಡ ಬೇಡ. ಅದು ಶಾಲೆಯ ಬೋರ್ಡಿನ ಮಾತು. ಮೂಲದಲ್ಲಿ 'ಸಬಾಹ್ ಅಲ್ ಖೈರ್' ಅಂದರೆ ಮನೆಯಲ್ಲಿ ದಿನಾ ಆಡುವ ಮಾತು. ನಮ್ಮ ಮನೆಗಳಲ್ಲಿ ಬೆಳಿಗ್ಗೆ ಅಮ್ಮನಿಗೆ ಯಾರೂ ಶುಭ ಕೋರುವುದಿಲ್ಲ. 'ಎದ್ದೆಯಾ ಅಮ್ಮಾ' ಅನ್ನುತ್ತೇವೆ, ಅಷ್ಟೇ. ನಾನಾದರೆ ಹೀಗೆ ಶುರು ಮಾಡುತ್ತೇನೆ:

ಎದ್ದೆಯಾ ಅಮ್ಮಾ, ನನ್ನ ಚಿನ್ನಾ
ಎದ್ದೆಯಾ, ನನ್ನ ಚೆಂದದ ದೇವರೇ

ಹಳೇ ರೇಡಿಯೋ

ಮಗ ಅಮ್ಮನಿಗೆ 'ನನ್ನ ಚಿನ್ನಾ' ಅನ್ನುತ್ತಾನಾ? ಅಮ್ಮ ಮಗನಿಗೆ ಅನ್ನುವ ಮಾತು ಅದು.

ತುಂಗಾತೀರ

ಅದೇ ಬೇಕಾದ್ದು ಸರ್. ಮೂಲದಲ್ಲೂ 'ಯಾ ಹುಲ್ವಾ' ಅಂತ ಮುದ್ದು ಮಾಡುವ ಮಾತೇ ಇದೆ. ಪರದೇಶದಲ್ಲಿ ಕೂತವನು ಅಮ್ಮನನ್ನು ಮಗುವಿನ ಹಾಗೆ ಮುದ್ದು ಮಾಡುತ್ತಾನೆ, ಯಾಕೆಂದರೆ ಅವನನ್ನು ಮುದ್ದು ಮಾಡುವವರು ಅಲ್ಲಿ ಯಾರೂ ಇಲ್ಲ.

ಭಟ್ಕಳದ ಮುಸಾಫಿರ್

ಒಪ್ಪಿದೆ. ಮುಂದಿನದು ನಮಗೆ ಹತ್ತಿರದ ಸಾಲು. ಹಿಂದ್ ಸುತ್ತಿದೆ, ಸಿಂದ್ ಸುತ್ತಿದೆ, ಹಳದಿ ಲೋಕವನ್ನೂ (ಅಂದರೆ ಚೀನಾ ಕಡೆ) ಸುತ್ತಿದೆ, ನನ್ನ ಹೊಂಬಣ್ಣದ ಕೂದಲು ಬಾಚುವ ಒಬ್ಬ ಹೆಂಗಸೂ ಸಿಗಲಿಲ್ಲ, ಚೀಲದಲ್ಲಿ ನನಗೆ 'ಅರಾಇಸ್ ಸುಕ್ಕರ್' ತರುವವಳು ಸಿಗಲಿಲ್ಲ ಅನ್ನುತ್ತಾರೆ. ಅಕ್ಷರಶಃ ಸಕ್ಕರೆಯ ಮದುಮಗಳುಗಳು. ಬೊಂಬೆ ಆಕಾರದ ಸಕ್ಕರೆ ಮಿಠಾಯಿ. ಈಜಿಪ್ಟಿನಲ್ಲಿ ಈಗಲೂ ಮೌಲಿದ್ ಹಬ್ಬಕ್ಕೆ, ಅಂದರೆ ಪ್ರವಾದಿಯ ಹುಟ್ಟುದಿನಕ್ಕೆ, ಸಕ್ಕರೆ ಬೊಂಬೆ ಮಾಡುತ್ತಾರೆ.

ಬಿಸಿಬೇಳೆ

ಸಕ್ಕರೆ ಅಚ್ಚು! ನಮ್ಮ ಸಂಕ್ರಾಂತಿಯ ಸಕ್ಕರೆ ಅಚ್ಚು! ಅಮ್ಮ ಮರದ ಅಚ್ಚಿಗೆ ದಾರ ಸುತ್ತಿ ಪಾಕ ಹೊಯ್ಯುತ್ತಿದ್ದರು. ಬಿಚ್ಚಿದಾಗ ಆನೆಯ ಸೊಂಡಿಲು ಮುರಿದಿದ್ದರೆ ಆ ಆನೆ ನಮ್ಮ ಪಾಲಿಗೆ. ಸರಿಯಾಗಿ ಬಂದದ್ದು ಎಳ್ಳು ಬೀರಲು ಹೋಗುತ್ತಿತ್ತು.

ಒಗ್ಗರಣೆ ಸೌಟು

'ಸಕ್ಕರೆ ಅಚ್ಚು' ಅಂದರೆ ಸಂಕ್ರಾಂತಿ ಬಂದುಬಿಡುತ್ತದೆ, ಡಮಾಸ್ಕಸ್ ಹೋಗಿಬಿಡುತ್ತದೆ. 'ಸಕ್ಕರೆ ಬೊಂಬೆ' ಇರಲಿ.

ಬಿಸಿಬೇಳೆ

ಆದರೆ ಅಚ್ಚು ಅಂದಾಗ ನನಗೆ ಬಾಯಲ್ಲಿ ರುಚಿ ಬಂತು. ಬೊಂಬೆ ಅಂದಾಗ ಬರಲಿಲ್ಲ.

ತುಂಗಾತೀರ

ಇಬ್ಬರದ್ದೂ ಸರಿ. ಆದರೂ ಬೊಂಬೆಗೇ ನನ್ನ ಓಟು. ಮೂಲದಲ್ಲಿ ಮದುಮಗಳು ಇದ್ದಾಳೆ, ಬೊಂಬೆಯಲ್ಲಿ ಅವಳ ನೆರಳಾದರೂ ಉಳಿಯುತ್ತದೆ. 'ಹಳದಿ ಲೋಕ' ಇಂದಿಗೆ ಕಿವಿಗೆ ಚುಚ್ಚುತ್ತದೆ, ಆದರೆ ಅವರು ಬರೆದದ್ದು ಹಾಗೆ, ನಾವು ತೊಳೆಯಬಾರದು.

ಮಲೆನಾಡ ಮಳೆ

ನನ್ನ ಪ್ರಯತ್ನ. ತಪ್ಪಿದ್ದರೆ ತಿದ್ದಿ. ಅಮ್ಮನಿಲ್ಲದ ಮನೆಯಲ್ಲಿ ಕೂತು ಬರೆದೆ.

ಹಿಂದ್ ಸುತ್ತಿದೆ, ಸಿಂದ್ ಸುತ್ತಿದೆ
ಹಳದಿ ಲೋಕವನ್ನೂ ಸುತ್ತಿ ಬಂದೆ
ಸಿಗಲಿಲ್ಲ ನನ್ನ ಹೊಂಗೂದಲು ಬಾಚುವ ಒಬ್ಬಳು
ಕೈಚೀಲದಲ್ಲಿ ನನಗೆಂದೇ
ಸಕ್ಕರೆ ಬೊಂಬೆ ತರುವ ಒಬ್ಬಳು
ಬತ್ತಲಾದಾಗ ಬ‌ಟ್ಟೆ ತೊಡಿಸಿ
ಬಿದ್ದಾಗ ಎತ್ತುವ ಒಬ್ಬಳು
ಹೇಗೆ, ಹೇಗೆ ಅಮ್ಮಾ
ದೊಡ್ಡವನಾಗದೆಯೇ ಅಪ್ಪನಾದೆ ನಾನು?

ಹಳೇ ರೇಡಿಯೋ

ಕೊನೆ ಸಾಲು ಬಿಡಬೇಡಿ, ಹಾಗೇ ಇರಲಿ. ನಾನು ಕುವೈತ್‌ನಲ್ಲಿದ್ದಾಗ ಮೊದಲ ಮಗಳು ಹುಟ್ಟಿದ್ದು ಊರಲ್ಲಿ. ಟೆಲಿಗ್ರಾಂ ಬಂತು. ನೋಡಲು ರಜೆ ಸಿಕ್ಕಿದ್ದು ಹನ್ನೊಂದು ತಿಂಗಳ ಮೇಲೆ. ಆ ರಾತ್ರಿ ಅಮ್ಮನಿಗೆ ಕಾಗದ ಬರೆಯಲು ಕೂತೆ, 'ಅಮ್ಮಾ' ಅಂತ ಬರೆದವನಿಗೆ ಮುಂದೆ ಏನು ಬರೆಯಬೇಕು ಅಂತ ತೋಚಲಿಲ್ಲ. ಇದು ನನ್ನ ಸಾಲು.

ಭಟ್ಕಳದ ಮುಸಾಫಿರ್

ಕೊನೆಯ ಪತ್ರದಲ್ಲಿ ಸೆಪ್ಟೆಂಬರ್ ಬರುತ್ತದೆ. ಸೆಪ್ಟೆಂಬರ್ ಬಂತು ಅಮ್ಮಾ, ಡಮಾಸ್ಕಸ್ ಎಲ್ಲಿ, ಅಪ್ಪ ಎಲ್ಲಿ, ಅವರ ಕಾಫಿಯ ಘಮ ಎಲ್ಲಿ ಅಂತ. ಆ ದೊಡ್ಡ ಮನೆಯಲ್ಲಿ ಬೆಕ್ಕಿನ ಬಾಲ ಎಳೆಯುತ್ತಾ, ಚಪ್ಪರದ ದ್ರಾಕ್ಷಿ ಕಿತ್ತು ತಿನ್ನುತ್ತಿದ್ದ ನನ್ನ ಬಾಲ್ಯ ಎಲ್ಲಿ ಅಂತ. ಇದಕ್ಕೆ ನನ್ನ ಕನ್ನಡ ಸಾಲದು, ಮಳೆ ಅವರೇ ಮಾಡಿ.

ಇನ್ನೊಂದು. ಬಹಳಷ್ಟು ಅರಬ್ ದೇಶಗಳಲ್ಲಿ ಅಮ್ಮಂದಿರ ದಿನ ಮಾರ್ಚ್ 21. 1956ರಲ್ಲಿ ಈಜಿಪ್ಟಿನಲ್ಲಿ ಶುರುವಾದದ್ದು. ನಿಝಾರ್ ಹುಟ್ಟಿದ ದಿನವೂ ಅದೇ.

ಒಗ್ಗರಣೆ ಸೌಟು

ನನ್ನ ತಕರಾರು ಹಾಗೇ ಇದೆ, ನಿಲುವಂಗಿ ಸಾಲನ್ನು ನಾನು ಕ್ಷಮಿಸಿಲ್ಲ. ಆದರೆ ಈ ಪದ್ಯ ಇವತ್ತು ನಮ್ಮಮ್ಮನಿಗೆ ಫೋನಿನಲ್ಲಿ ಓದಿದೆ. ಅಮ್ಮ ಕೇಳಿದ್ದು ಒಂದೇ: ಆ ಹುಡುಗ ವಾಪಸ್ ಊರಿಗೆ ಹೋದನಾ ಅಂತ.

ಕುಂದಾಪುರದ ಅಲೆ

ತಡವಾಗಿ ಬರೆಯುತ್ತಿದ್ದೇನೆ. ಮಲೆನಾಡ ಮಳೆ ಅವರ ಸಾಲುಗಳನ್ನು ಕಾಗದದಲ್ಲಿ ಬರೆದುಕೊಂಡು ಇವತ್ತು ಆಫೀಸಿಗೆ ಹೋಗಿದ್ದೆ. ಊಟ ಆದ ಮೇಲೆ ನಮ್ಮ ಡಮಾಸ್ಕಸ್‌ನವರಿಗೆ ನನ್ನ ಭಾಷೆಯಲ್ಲಿ ಕೇಳಿ ಅಂತ ಓದಿದೆ. 'ಹಿಂದ್, ಸಿಂದ್' ಬಂದ ಕೂಡಲೇ ಅವರಿಗೆ ಗೊತ್ತಾಯಿತು, ತಲೆ ಎತ್ತಿದರು. ಆಮೇಲೆ ನಾನು ಕನ್ನಡದಲ್ಲಿ ಒಂದು ಸಾಲು, ಅವರು ಅರಬ್ಬಿಯಲ್ಲಿ ಒಂದು ಸಾಲು. 'ಸಕ್ಕರೆ' ಅಂದಾಗ 'ಸುಕ್ಕರ್, ಸುಕ್ಕರ್' ಅಂದರು.

ಅವರ ಅಮ್ಮ ಈಗಲೂ ಡಮಾಸ್ಕಸ್‌ನಲ್ಲೇ ಇದ್ದಾರಂತೆ. ನೋಡಿ ಹನ್ನೆರಡು ವರ್ಷ ಆಯಿತಂತೆ. ಆ ಕಾಗದ ಅವರೇ ಇಟ್ಟುಕೊಂಡರು, ಓದಲು ಬಾರದಿದ್ದರೂ.

ಮಳೆ ಅವರೇ, ಸೆಪ್ಟೆಂಬರ್ ಭಾಗ ಯಾವಾಗ ಹಾಕುತ್ತೀರಿ?

ಮಲೆನಾಡ ಮಳೆ

ಬೆಕ್ಕಿನ ಬಾಲದ ಹತ್ತಿರ ನಿಂತಿದ್ದೇನೆ. ಭಾನುವಾರದೊಳಗೆ ಹಾಕುತ್ತೇನೆ.